ಎದುರು ಮನೆಯವರ ರಾತ್ರಿ ಗಲಾಟೆ ಮತ್ತು ಬೆದರಿಕೆ: ಬೀದಿ ಬಿಟ್ಟು ಹೋಗದೆ ಎದುರಿಸುವುದು ಹೇಗೆ?

ಪ್ರಶ್ನೆ: ಮೂರನೇ ಅಡ್ಡರಸ್ತೆಯ ಗೃಹಿಣಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿ 22 ವರ್ಷಗಳಿಂದ ವಾಸವಾಗಿದ್ದೇವೆ. 30 ಅಡಿ ಅಗಲದ ರಸ್ತೆ, ಎರಡೂ ಬದಿ ಸೇರಿ 14 ಮನೆಗಳು, ನಮ್ಮ ಮನೆಗೆ ಹೊಂದಿಕೊಂಡು ಒಂದು ಖಾಲಿ ನಿವೇಶನ. ಬೆಳಿಗ್ಗೆ ರಂಗೋಲಿ ಹಾಕುತ್ತಲೇ ಒಬ್ಬರನ್ನೊಬ್ಬರು ಮಾತನಾಡಿಸುವ, ಊರಿಗೆ ಹೊರಟಾಗ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುವ ಬೀದಿ ಇದು.

ಕಳೆದ ಯುಗಾದಿಯ ನಂತರ ಎದುರು ಮನೆಯ ಕೆಳಗಿನ ಅಂತಸ್ತಿಗೆ ನಾಲ್ವರು ಯುವಕರು ಬಾಡಿಗೆಗೆ ಬಂದರು. ಮೊದಲ ಎರಡು ತಿಂಗಳು ಶನಿವಾರದ ರಾತ್ರಿ ಮಾತ್ರ ಅವರ ಸ್ನೇಹಿತರು ಸೇರುತ್ತಿದ್ದರು. ವಯಸ್ಸಿನ ಹುಡುಗರು, ಇರಲಿ ಎಂದು ನಾವು ಸುಮ್ಮನಿದ್ದೆವು. ಈಗ ವಾರಕ್ಕೆ ಮೂರು ನಾಲ್ಕು ರಾತ್ರಿ ಇದೇ ಆಗಿದೆ. ಹನ್ನೊಂದರ ಮೇಲೆ ಎರಡು ಕಾರುಗಳು ಬಂದು ನಿಲ್ಲುತ್ತವೆ. ಕಾರಿನ ಬಾಗಿಲುಗಳನ್ನು ತೆರೆದಿಟ್ಟು ಹಾಡು ಹಾಕುತ್ತಾರೆ, ರಸ್ತೆಯಲ್ಲೇ ನಿಂತು ಕುಡಿಯುತ್ತಾರೆ, ಬಾಟಲಿಗಳನ್ನು ಖಾಲಿ ನಿವೇಶನಕ್ಕೆ ಎಸೆದು ಒಡೆಯುತ್ತಾರೆ. ತರಕಾರಿ ತಳ್ಳುಗಾಡಿಯವರು ಅಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಹೋದ ತಿಂಗಳು ಅವರ ಹಿಮ್ಮಡಿಗೆ ಗಾಜು ಹೊಕ್ಕು ಎಂಟು ದಿನ ವ್ಯಾಪಾರ ನಿಂತಿತು.

ನಾನು ಇದನ್ನು ಬರೆಯಲು ಕಾರಣವಾದ ರಾತ್ರಿಯ ವಿಷಯ ಹೇಳುತ್ತೇನೆ. ನನ್ನ ಮಾವನವರಿಗೆ 82 ವರ್ಷ, ಹೃದಯದ ತೊಂದರೆ ಇದೆ. ಒಂದು ರಾತ್ರಿ ಹನ್ನೆರಡೂವರೆಗೆ ಅವರಿಗೆ ಉಸಿರು ಕಟ್ಟಿದಂತಾಗಿ ಆಸ್ಪತ್ರೆಗೆ ಹೊರಟರೆ, ನಮ್ಮ ಗೇಟಿಗೆ ಅಡ್ಡವಾಗಿ ಅವರ ಕಾರು ನಿಂತಿತ್ತು. ಕಾರಿನ ಯಜಮಾನ ಯಾರೆಂದು ಅವರಲ್ಲಿಯೇ ಯಾರಿಗೂ ಗೊತ್ತಿರಲಿಲ್ಲ. ಅವನನ್ನು ಹುಡುಕಿ, ಎಬ್ಬಿಸಿ, ಕಾರನ್ನು ತೆಗೆಸುವ ಹೊತ್ತಿಗೆ 25 ನಿಮಿಷ ಕಳೆದಿತ್ತು. ದೇವರ ದಯೆಯಿಂದ ಮಾವನವರು ಉಳಿದರು. ಮರುದಿನ ನನ್ನ ಗಂಡ ಹೋಗಿ ಮಾತನಾಡಿದರೆ ಒಬ್ಬ ಕ್ಷಮೆ ಕೇಳಿದ, ಇನ್ನೊಬ್ಬ ರಸ್ತೆ ನಿಮ್ಮಪ್ಪನದಾ ಎಂದು ಕೇಳಿದ.

ಆಮೇಲೆ ಎರಡು ಬಾರಿ 112ಕ್ಕೆ ಕರೆ ಮಾಡಿದೆವು. ಪೊಲೀಸರು ಬಂದರು, ಸದ್ದು ನಿಂತಿತು, ಅವರು ಹೋದ ಅರ್ಧ ಗಂಟೆಗೆ ಮತ್ತೆ ಶುರುವಾಯಿತು. ಎರಡನೆಯ ಬಾರಿ ಪೊಲೀಸರು ಹೋದ ಮೇಲೆ ಒಬ್ಬ ನಮ್ಮ ಕಿಟಕಿಯ ಕಡೆ ತಿರುಗಿ, ಫೋನು ಮಾಡಿದ್ದು ಯಾರೆಂದು ಗೊತ್ತು, ನೋಡಿಕೊಳ್ಳುತ್ತೇವೆ ಎಂದು ಕೂಗಿದ. ಮೂರು ದಿನದ ನಂತರ ನನ್ನ ಮಗಳ ಸ್ಕೂಟರಿನ ಸೀಟನ್ನು ಯಾರೋ ಬ್ಲೇಡಿನಿಂದ ಸೀಳಿದ್ದರು. ಅದನ್ನು ಮಾಡಿದ್ದು ಅವರೇ ಎಂದು ಹೇಳಲು ನನ್ನಲ್ಲಿ ಯಾವ ಆಧಾರವೂ ಇಲ್ಲ, ಆದ್ದರಿಂದ ಹೇಳುವುದೂ ಇಲ್ಲ. ಆದರೆ ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗಿ ಈಗ ಸಂಜೆ ಪಾಠಕ್ಕೆ ಹೋಗಲು ಹೆದರುತ್ತಾಳೆ. ನಾನೂ ಅಷ್ಟೆ, ಸದ್ದಿಲ್ಲದ ರಾತ್ರಿಯಲ್ಲಿಯೂ ಈಗ ಶುರುವಾಗಬಹುದು ಎಂದು ಕಿವಿಗೊಟ್ಟು ಎಚ್ಚರವಾಗಿರುತ್ತೇನೆ.

ಅಕ್ಕಪಕ್ಕದವರಿಗೆ ಬೇಸರವಿದೆ, ಆದರೆ ಮುಂದೆ ಬಂದು ಮಾತನಾಡುವವರಿಲ್ಲ. ಮನೆ ಮಾರಿ ಹೋಗಿ ಎಂದು ಸಂಬಂಧಿಕರು ಸುಲಭವಾಗಿ ಹೇಳುತ್ತಾರೆ. ನಾವು ಹೋಗುವವರಲ್ಲ. ಇಂಥದ್ದನ್ನು ಅನುಭವಿಸಿ ದಾಟಿದವರು ಯಾರಾದರೂ ಇದ್ದರೆ, ನೀವು ಮೊದಲು ಯಾವ ಹೆಜ್ಜೆ ಇಟ್ಟಿರಿ, ಏನನ್ನು ಮಾಡಬಾರದಿತ್ತು ಎಂದು ಈಗ ಅನ್ನಿಸುತ್ತದೆ, ದೂರು ಕೊಟ್ಟವರ ಮೇಲೆ ಹಗೆ ಸಾಧಿಸುವುದನ್ನು ತಡೆಯಲು ದಾರಿ ಇದೆಯೇ ಎಂಬುದನ್ನು ತಿಳಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಗೇಟಿಗೆ ಸಿಸಿಟಿವಿ ಹಾಕಿಸುವ ಯೋಚನೆಯೂ ಇದೆ.

ಉತ್ತರ 1: ವಕೀಲೆ, ಧಾರವಾಡ

ನಿಮ್ಮ ಪತ್ರದಲ್ಲಿ ಹಾಡಿನ ಗದ್ದಲ ಮೊದಲು ಬಂದಿದೆ, ಆದರೆ ನನ್ನ ಕಣ್ಣು ನಿಂತದ್ದು ಬೇರೆ ಎರಡು ಕಡೆ: ಆಸ್ಪತ್ರೆಗೆ ಹೊರಟ ರಾತ್ರಿ ಅಡ್ಡವಾಗಿದ್ದ ಕಾರು ಮತ್ತು ಕಿಟಕಿಯ ಕಡೆ ತಿರುಗಿ ಕೂಗಿದ ಮಾತು. ನೆಮ್ಮದಿ ಕೆಡಿಸುವುದು ಒಂದು, ಪ್ರಾಣಕ್ಕೆ ಸಂಚಕಾರ ತರುವುದು ಮತ್ತು ಬೆದರಿಸುವುದು ಇನ್ನೊಂದು. ಎಲ್ಲವನ್ನೂ ಒಂದೇ ದೂರಿನಲ್ಲಿ ಗಲಾಟೆ ಎಂಬ ಒಂದೇ ಪದದಡಿ ಬರೆದರೆ ಠಾಣೆಯಲ್ಲಿ ಅದು ಗಲಾಟೆಯಾಗಿಯೇ ಉಳಿಯುತ್ತದೆ. ಬೇರೆ ಬೇರೆಯಾಗಿ, ದಿನಾಂಕ ಸಮಯಗಳೊಂದಿಗೆ ಬರೆಯಿರಿ.

ಮೊದಲು ಶಬ್ದದ ವಿಷಯ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯ ಮಿತಿ 45 ಡೆಸಿಬಲ್. ರಾತ್ರಿ ಎಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ. ಮಾಪನ ಯಂತ್ರವಿಲ್ಲದೆ ದೂರು ಕೊಡಲಾಗದು ಎಂದು ಅನೇಕರು ಭಾವಿಸಿ ಸುಮ್ಮನಾಗುತ್ತಾರೆ, ಅದು ಸರಿಯಲ್ಲ. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಸದ್ದಾದರೆ ದೂರು ಕೊಡಬಹುದು ಎನ್ನುವ ನಿಯಮದಲ್ಲೇ, ರಾತ್ರಿಯ ನಿರ್ಬಂಧಗಳನ್ನು ಮುರಿದರೂ ದೂರು ಕೊಡಬಹುದು ಎಂದಿದೆ. ಸಭಾಂಗಣದಂಥ ಮುಚ್ಚಿದ ಆವರಣದ ಒಳಗಿನ ಬಳಕೆ ಮತ್ತು ಸಾರ್ವಜನಿಕ ತುರ್ತು ಸಂದರ್ಭ ಬಿಟ್ಟರೆ ಧ್ವನಿವರ್ಧಕವನ್ನಾಗಲಿ ಸದ್ದು ಹೊರಡಿಸುವ ಬೇರೆ ಸಾಧನವನ್ನಾಗಲಿ ರಾತ್ರಿ ಬಳಸುವಂತಿಲ್ಲ. ತೆರೆದ ರಸ್ತೆಯಲ್ಲಿ ಬಾಗಿಲು ತೆಗೆದಿಟ್ಟ ಕಾರು ಯಾವ ಅರ್ಥದಲ್ಲಿಯೂ ಮುಚ್ಚಿದ ಆವರಣವಲ್ಲ. ಮೊಬೈಲಿನಲ್ಲಿ ಸಿಗುವ ಡೆಸಿಬಲ್ ಅಳೆಯುವ ತಂತ್ರಾಂಶದ ಅಂಕಿಯನ್ನು ಪುರಾವೆಯೆಂದು ನೆಚ್ಚಿಕೊಳ್ಳಬೇಡಿ, ಅದು ನಿಮ್ಮ ಟಿಪ್ಪಣಿಗೆ ಸಾಕು. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ನಿಮ್ಮ ಪರವಾಗಿದೆ. ಮಾತನಾಡುವ ಹಕ್ಕು ಒಬ್ಬರಿಗಿದ್ದರೆ ಕೇಳಿಸಿಕೊಳ್ಳದಿರುವ ಹಕ್ಕು ಇನ್ನೊಬ್ಬರಿಗಿದೆ ಎಂದೂ, ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೂ ಅದು ಹೇಳುತ್ತದೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ದಾರಿಗೆ ಅಡ್ಡಿಯುಂಟುಮಾಡುವುದಕ್ಕೆ 285ನೇ ಕಲಂ ಇದ್ದು 5,000 ರೂಪಾಯಿವರೆಗೆ ದಂಡವಿದೆ. ಬೇರೆಡೆ ಪ್ರತ್ಯೇಕ ಶಿಕ್ಷೆ ಹೇಳಿರದ ಸಾರ್ವಜನಿಕ ಉಪದ್ರವಕ್ಕೆ 292ನೇ ಕಲಮಿನಲ್ಲಿ 1,000 ರೂಪಾಯಿವರೆಗೆ ದಂಡ. ಬೆದರಿಕೆ 351ನೇ ಕಲಮಿಗೆ ಬರುತ್ತದೆ. ಈ ದಂಡದ ಮೊತ್ತಗಳನ್ನು ಓದಿ ನೀವು ನಿರಾಶರಾಗಬಹುದು. ನಾನು ಇಷ್ಟು ವರ್ಷಗಳಲ್ಲಿ ಕಂಡಂತೆ ಇಂಥ ಪ್ರಕರಣಗಳಲ್ಲಿ ಫಲ ಕೊಡುವುದು ದಂಡವಲ್ಲ, ದಾಖಲೆ. 112ರ ಕರೆ ಆ ರಾತ್ರಿಯ ಸದ್ದನ್ನು ನಿಲ್ಲಿಸುತ್ತದೆ, ಆದರೆ ಮರುದಿನ ಠಾಣೆಯಲ್ಲಿ ಲಿಖಿತ ಅರ್ಜಿ ಇಲ್ಲದಿದ್ದರೆ ಮುಂದಿನ ಬಾರಿ ಬರುವ ಸಿಬ್ಬಂದಿಗೆ ಅದು ಮೊದಲ ಘಟನೆಯೇ ಆಗಿರುತ್ತದೆ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಮುದ್ರೆ ಮತ್ತು ದಿನಾಂಕದೊಂದಿಗೆ ಸ್ವೀಕೃತಿ ಪಡೆಯಿರಿ. ಅಸಂಜ್ಞೇಯ ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲವಾದರೂ ವಿಷಯವನ್ನು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಎಂದು ದಾಖಲಿಸಿಕೊಳ್ಳಬೇಕು. ಆ ಸಂಖ್ಯೆಯನ್ನು ಕೇಳಿ ಪಡೆಯಿರಿ.

ಹಗೆ ಸಾಧಿಸುವುದನ್ನು ತಡೆಯುವ ದಾರಿಯ ಬಗ್ಗೆ ಕೇಳಿದ್ದೀರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಇರುವುದೇ ಇದಕ್ಕಾಗಿ. ಶಾಂತಿ ಕದಡುವ ಸಂಭವವಿದೆ ಎಂದು ಕಂಡರೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಒಂದು ವರ್ಷದವರೆಗಿನ ಅವಧಿಗೆ ಶಾಂತಿ ಕಾಪಾಡುವ ಬಾಂಡ್ ಬರೆಸಿಕೊಳ್ಳಬಹುದು. ಅದಕ್ಕೆ ಮುಂಚೆ ಸಾಮಾನ್ಯವಾಗಿ ಠಾಣೆಯಲ್ಲೇ ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳುವುದುಂಟು. ಮುಚ್ಚಳಿಕೆಗೆ ಆ ಬಾಂಡಿನ ಬಲವಿಲ್ಲ, ಆದರೆ ಅದನ್ನು ಮೀರಿದರೆ ನಿಮ್ಮ ಮುಂದಿನ ಅರ್ಜಿ ತುಂಬ ಗಟ್ಟಿಯಾಗುತ್ತದೆ. ಅರ್ಜಿಯಲ್ಲಿ ಒಬ್ಬರ ಹೆಸರಿನ ಬದಲು ಆರೇಳು ಮನೆಯವರ ಸಹಿ ಇದ್ದರೆ ಹಗೆಯ ಗುರಿ ಒಂದೇ ಮನೆಯಾಗಿ ಉಳಿಯುವುದಿಲ್ಲ. ನ್ಯಾಯಾಲಯದ ಮಟ್ಟದಲ್ಲಿಯೂ ಹೀಗೆಯೇ: ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಮಿನಡಿ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು, ತಮಗೆ ವಿಶೇಷ ನಷ್ಟವಾಗಿದೆ ಎಂದು ತೋರಿಸದೆಯೂ, ಸಾರ್ವಜನಿಕ ಉಪದ್ರವದ ವಿರುದ್ಧ ದಾವೆ ಹೂಡಬಹುದು. ಅಲ್ಲಿಯವರೆಗೆ ಹೋಗಬೇಕಾದ ಪ್ರಸಂಗ ಬರಲಾರದು ಎಂದು ನನ್ನ ಎಣಿಕೆ. ಮಧ್ಯಸ್ಥಿಕೆ ಬೇಕೆಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯಾಗಿ ನಿಮಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100.

ಸಿಸಿಟಿವಿ ಹಾಕಿಸಿ, ಆದರೆ ಅದು ನಿಮ್ಮ ಗೇಟು, ನಿಮ್ಮ ವಾಹನ ಮತ್ತು ಅದರ ಮುಂದಿನ ರಸ್ತೆಯನ್ನು ಮಾತ್ರ ನೋಡುವಂತಿರಲಿ. ಎದುರಿನವರ ಕಿಟಕಿಯೋ ಮಲಗುವ ಕೋಣೆಯೋ ಅದರಲ್ಲಿ ಕಂಡರೆ ನಾಳೆ ದೂರುದಾರರು ಅವರಾಗುತ್ತಾರೆ. ಅವರ ವಿಡಿಯೋಗಳನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ರಾತ್ರಿ ಕುಡಿದವರ ಎದುರು ಯಾವ ಕಾರಣಕ್ಕೂ ಹೊರಬಂದು ವಾದಿಸಬೇಡಿ. ಅವರ ನೀರು, ವಿದ್ಯುತ್ ನಿಲ್ಲಿಸುವಂತೆ ಮನೆ ಮಾಲೀಕರಿಗೆ ಹೇಳುವ ಸಲಹೆಯನ್ನು ಯಾರಾದರೂ ಕೊಟ್ಟರೆ ಅದಕ್ಕೆ ಕಿವಿಗೊಡಬೇಡಿ, ಅದು ತಪ್ಪು.

ಉತ್ತರ 2: ಹಿಂದೊಮ್ಮೆ ಬಾಡಿಗೆದಾರನಾಗಿದ್ದವನು, ಬೆಂಗಳೂರು

ನಾನು ಇನ್ನೊಂದು ದಡದಿಂದ ಬರೆಯುತ್ತಿದ್ದೇನೆ. ಹನ್ನೆರಡು ವರ್ಷಗಳ ಹಿಂದೆ ನಾವು ಐವರು ಬೆಂಗಳೂರಿನ ವಿಜಯನಗರದಲ್ಲಿ ಮನೆ ಹಿಡಿದಿದ್ದೆವು. ವಾರಾಂತ್ಯದಲ್ಲಿ ತಾರಸಿಯ ಮೇಲೆ ಸೇರಿ ರಾತ್ರಿ ಒಂದರವರೆಗೆ ಹಾಡು, ಮಾತು, ನಗು. ನಮ್ಮಿಂದ ಯಾರಿಗಾದರೂ ತೊಂದರೆಯಾಗುತ್ತಿದೆ ಎಂಬ ಅರಿವು ನಿಜವಾಗಿಯೂ ನಮಗಿರಲಿಲ್ಲ, ಏಕೆಂದರೆ ಆ ಬೀದಿಯಲ್ಲಿ ನಮ್ಮನ್ನು ಯಾರೂ ಒಮ್ಮೆಯೂ ಮಾತನಾಡಿಸಿರಲಿಲ್ಲ. ಮೊದಲ ಬಾರಿ ಬೀದಿಯವರು ನಮ್ಮ ಬಾಗಿಲಿಗೆ ಬಂದದ್ದು ಒಂದು ಮಧ್ಯರಾತ್ರಿ, ಹತ್ತು ಮಂದಿಯ ಗುಂಪಾಗಿ. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಆದರೆ ಹೇಳಿದ ರೀತಿಗೆ ನಮ್ಮಲ್ಲೊಬ್ಬ ಎದುರು ಮಾತನಾಡಿದ, ಮುಂದಿನ ವಾರ ಹಠಕ್ಕೆ ಸದ್ದನ್ನು ಇನ್ನಷ್ಟು ಏರಿಸಿದ. ಆ ಹಠದಲ್ಲಿ ನಾನೂ ಪಾಲುದಾರನಾಗಿದ್ದೆ, ಇಂದಿಗೂ ಅದಕ್ಕಾಗಿ ನಾಚಿಕೆಪಡುತ್ತೇನೆ.

ನಮ್ಮನ್ನು ನಿಲ್ಲಿಸಿದವರು ಪಕ್ಕದ ಮನೆಯ ಹಿರಿಯರು. ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬರೇ ಬಂದು ಕುಳಿತು ನಮ್ಮ ಊರು, ಕೆಲಸ ಎಲ್ಲವನ್ನೂ ಕೇಳಿದರು. ಹೊರಡುವ ಮುನ್ನ, ತಮ್ಮ ಹೆಂಡತಿಗೆ ವಾರದಲ್ಲಿ ಮೂರು ದಿನ ಡಯಾಲಿಸಿಸ್ ಇದೆ, ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ಮರುದಿನ ಆಕೆಗೆ ತಡೆದುಕೊಳ್ಳಲಾಗುವುದಿಲ್ಲ, ಹತ್ತರ ನಂತರ ತಾರಸಿಯನ್ನು ಬಿಟ್ಟುಕೊಡುತ್ತೀರಾ ಎಂದು ಕೇಳಿದರು. ಅಂದಿನಿಂದ ತಾರಸಿಯ ಕೂಟ ನಿಂತಿತು. ಗೋಡೆಯ ಆಚೆಗೆ ಒಬ್ಬ ರೋಗಿ ಇದ್ದಾರೆ ಎಂಬುದು ತಿಳಿದ ಮೇಲೆ ಹಾಡು ಹಾಕಲು ಕೈ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ಒಬ್ಬ ಕ್ಷಮೆ ಕೇಳಿದ ಎಂದಿದ್ದೀರಿ. ನಾಲ್ವರೂ ಒಂದೇ ಎಂದು ದಯವಿಟ್ಟು ಎಣಿಸಬೇಡಿ. ಆ ಹುಡುಗನನ್ನು ಹಗಲಿನಲ್ಲಿ ಮಾತನಾಡಿಸಿ, ನಿಮ್ಮ ಮಾವನವರನ್ನು ಪರಿಚಯಿಸಿ. ಮದುವೆಯಾಗದ ಹುಡುಗರಿಗೆ ಮನೆಯನ್ನೇ ಕೊಡಬಾರದು ಎಂಬ ಮಾತು ಇಂಥ ಸಂದರ್ಭದಲ್ಲಿ ಬೀದಿಯಲ್ಲಿ ಏಳುತ್ತದೆ, ಅದಕ್ಕೆ ನೀವು ಆಸ್ಪದ ಕೊಡಬಾರದು ಎಂದು ನನ್ನ ವಿನಂತಿ. ಊರು ಬಿಟ್ಟು ದುಡಿಯಲು ಬಂದ ಸಾವಿರಾರು ಹುಡುಗರು ಸದ್ದಿಲ್ಲದೆ ಬದುಕುತ್ತಿದ್ದಾರೆ. ಹಾಗೆಂದು ಬೆದರಿಕೆಯ ಮಾತನ್ನು ಸಹಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆ ವಿಷಯದಲ್ಲಿ ವಕೀಲರು ಹೇಳಿದ್ದೇ ಸರಿ.

ಉತ್ತರ 3: ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಮೇಲಿನವರ ಪ್ರಾಮಾಣಿಕ ಮಾತುಗಳನ್ನು ಮೆಚ್ಚುತ್ತೇನೆ, ಆದರೆ ಒಬ್ಬರೇ ಹೋಗಿ ಮಾತನಾಡಿ ಎಂಬುದನ್ನು ಈ ತಾಯಿಗೆ ನಾನು ಹೇಳಲಾರೆ. ಅವರ ಪಕ್ಕದ ಮನೆಯ ಹಿರಿಯರು ಹೋದದ್ದು ಬೆದರಿಕೆ ಹಾಕಿರದ ಹುಡುಗರ ಬಳಿಗೆ. ಇಲ್ಲಿ ಬೆದರಿಕೆ ಆಗಿದೆ, ಸೀಟು ಹರಿದಿದೆ. ಹಗಲಿನಲ್ಲಿಯೇ ಹೋಗಲಿ, ಗುಂಪು ಕಟ್ಟದೆ ಹೋಗಲಿ, ಆದರೆ ಇಬ್ಬರಾದರೂ ಇರಲಿ.

ವಿನೋಬನಗರದ ನಮ್ಮ ಬೀದಿಯಲ್ಲಿ ತೊಂದರೆ ಕೊಟ್ಟವರು ಬಾಡಿಗೆಯವರಲ್ಲ, ಸ್ವಂತ ಮನೆಯವರೇ. ಮನೆಯ ಮಗ ರಾತ್ರಿ ಹನ್ನೆರಡರವರೆಗೆ ಮೋಟಾರ್ ಸೈಕಲ್ಲುಗಳ ಸೈಲೆನ್ಸರ್ ಬದಲಿಸಿ, ರಸ್ತೆಯ ಆ ತುದಿಯಿಂದ ಈ ತುದಿಗೆ ಓಡಿಸಿ ಪರೀಕ್ಷಿಸುತ್ತಿದ್ದ. ಹೇಳಲು ಹೋದವರಿಗೆಲ್ಲ ತಂದೆಯೇ ಬೈದು ಕಳಿಸುತ್ತಿದ್ದರು. ಬಾಡಿಗೆಯವರಾದರೆ ಮನೆ ಮಾಲೀಕರ ಬಳಿಗೆ ಹೋಗಬಹುದು, ನಮಗೆ ಆ ದಾರಿಯೂ ಇರಲಿಲ್ಲ. ಎರಡು ವರ್ಷ ನಾವು ಅನುಭವಿಸಿದೆವು. ನಿಮ್ಮ ಬೀದಿಯವರಂತೆ ನಮ್ಮವರೂ ಬೇಸರಪಡುತ್ತಿದ್ದರು, ಸಹಿ ಎಂದ ಕೂಡಲೇ ಹಿಂದೆ ಸರಿಯುತ್ತಿದ್ದರು.

ಆಗ ನಾವು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ನಮ್ಮ ಮೊದಲ ಸಾಮೂಹಿಕ ಅರ್ಜಿ ಆ ಮನೆಯ ವಿರುದ್ಧ ಇರಲೇ ಇಲ್ಲ. ಬೀದಿಯ ಕೊನೆಯಲ್ಲಿ ಆರು ತಿಂಗಳಿಂದ ಉರಿಯದಿದ್ದ ದೀಪವನ್ನು ಸರಿಪಡಿಸಿ ಎಂದು ಪಾಲಿಕೆಗೆ ಬರೆದೆವು. ದೀಪದ ಅರ್ಜಿಗೆ ಸಹಿ ಹಾಕಲು ಯಾರಿಗೂ ಭಯವಿಲ್ಲ. ಎಲ್ಲ ಹನ್ನೊಂದು ಮನೆಯವರೂ ಹಾಕಿದರು, ಆ ಮನೆಯ ತಾಯಿಯೂ ಹಾಕಿದರು. ದೀಪ ಬಂತು. ಎರಡನೆಯದು ಖಾಲಿ ನಿವೇಶನದ ಪೊದೆಯ ಬಗ್ಗೆ. ಮೂರನೆಯ ಅರ್ಜಿ ರಾತ್ರಿಯ ಸದ್ದಿನ ಬಗ್ಗೆ ಠಾಣೆಗೆ ಹೋಗುವ ಹೊತ್ತಿಗೆ ಒಟ್ಟಿಗೆ ಸಹಿ ಹಾಕುವುದು ಬೀದಿಗೆ ರೂಢಿಯಾಗಿತ್ತು. ಅದಕ್ಕೆ ಮೊದಲ ದಿನ ಐದು ಮನೆಯವರು ಹಾಕಿದರು, ಒಂದು ವಾರದಲ್ಲಿ ಎಂಟಾಯಿತು. ಕತ್ತಲೆಯ ಮೂಲೆ, ಪೊದೆ ಬೆಳೆದ ನಿವೇಶನ, ಯಾರೂ ಗುಡಿಸದ ಜಾಗ ಇವು ಕುಡಿಯುವವರನ್ನು ಕೈಬೀಸಿ ಕರೆಯುತ್ತವೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ನಿವೇಶನವನ್ನು ಮೊದಲು ನೋಡಿ.

ಹತ್ತಿರದ ಠಾಣೆಯಲ್ಲಿ ನಿಮ್ಮ ಬೀದಿಯ ಬೀಟ್ ಸಿಬ್ಬಂದಿ ಯಾರೆಂದು ಕೇಳಿ ತಿಳಿದುಕೊಳ್ಳಿ. ತುರ್ತಿಲ್ಲದ ಹಗಲಿನಲ್ಲಿ ಅವರನ್ನು ಒಮ್ಮೆ ಭೇಟಿಯಾಗಿ ಮಾವನವರ ವಯಸ್ಸು, ಕಾಯಿಲೆ, ಗೇಟಿನ ಸಮಸ್ಯೆ ತಿಳಿಸಿಡಿ. ನಮ್ಮಲ್ಲಿ ಆ ಮೇಲೆ ರಾತ್ರಿ ಹನ್ನೊಂದಕ್ಕೆ ಒಂದು ಸುತ್ತು ಬರತೊಡಗಿದರು, ಸದ್ದು ಶುರುವಾಗುವ ಮೊದಲೇ ಬರುವುದಕ್ಕೂ ಆಮೇಲೆ ಬರುವುದಕ್ಕೂ ಬಹಳ ವ್ಯತ್ಯಾಸವಿದೆ. ಹಿರಿಯರಿಗಾಗಿ 14567 ಎಂಬ ಸಹಾಯವಾಣಿಯೂ ಇದೆ.

ಇನ್ನೊಂದು ಮಾತು, ನಿಮಗೆ ಮಾತ್ರ. ಸದ್ದಿಲ್ಲದ ರಾತ್ರಿಯಲ್ಲಿಯೂ ಕಿವಿಗೊಟ್ಟು ಕಾಯುತ್ತೇನೆ ಎಂದಿರಲ್ಲ, ಅದನ್ನು ಓದಿ ನನಗೆ ಸಂಕಟವಾಯಿತು, ಏಕೆಂದರೆ ಒಂದು ವರ್ಷ ನಾನೂ ಹಾಗೆಯೇ ಇದ್ದೆ. ಆಗ ಮನೆಯಲ್ಲಿ ಸರದಿ ಹಾಕಿಕೊಂಡೆವು: ಒಂದು ವಾರ ನಾನು ಬರೆದಿಡುವುದು, ಇನ್ನೊಂದು ವಾರ ನನ್ನ ಮಗ. ಸರದಿಯಲ್ಲದ ವಾರ ಹಿಂದಿನ ಕೋಣೆಯಲ್ಲಿ ಮಲಗುವುದು, ಏನೇ ಆದರೂ ಏಳುವುದಿಲ್ಲ ಎಂದು ಒಪ್ಪಿಕೊಂಡಿದ್ದೆವು. ನಿದ್ದೆ ತೀರಾ ಕೆಟ್ಟರೆ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅದರಲ್ಲಿ ಸಂಕೋಚ ಬೇಡ.

ಉತ್ತರ 4: ಭೌತಶಾಸ್ತ್ರ ಉಪನ್ಯಾಸಕ, ಹಾಸನ

ಕಾನೂನಿನ ಕೆಲಸ ಮುಗಿಯುವವರೆಗೂ ಮನೆಯೊಳಗೆ ನಿದ್ದೆ ಬರಬೇಕಲ್ಲ, ಆದ್ದರಿಂದ ನಾಲ್ಕು ಮಾತು. ಕಾರಿನ ಸ್ಪೀಕರಿನಿಂದ ಬರುವ ತಗ್ಗು ಸ್ವರದ ಗುಡುಗು ಗೋಡೆ, ಗಾಜು ಎರಡನ್ನೂ ಸುಲಭವಾಗಿ ದಾಟುತ್ತದೆ, ಅದಕ್ಕೆ ದಪ್ಪ ಪರದೆ ಹೆಚ್ಚೇನೂ ಮಾಡುವುದಿಲ್ಲ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿ ಎಂಬ ಸಲಹೆ ಬಂದರೆ ಹಣ, ಶ್ರಮ ಎರಡನ್ನೂ ಕಳೆದುಕೊಳ್ಳಬೇಡಿ. ಕೂಗಾಟ, ಮಾತು, ಬಾಟಲಿ ಒಡೆಯುವ ಸದ್ದು ಮಾತ್ರ ಕಿಟಕಿಯ ಸಂದುಗಳಿಂದಲೇ ಹೆಚ್ಚಾಗಿ ಒಳಬರುತ್ತದೆ. ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ ಹಾಕಿಸಿದರೆ ಕಡಿಮೆ ಖರ್ಚಿನಲ್ಲಿ ಗುರುತಿಸುವಷ್ಟು ವ್ಯತ್ಯಾಸವಾಗುತ್ತದೆ. ಮಗಳು ಓದುವಾಗ, ಮಲಗುವಾಗ ಸ್ಪಂಜಿನ ಕಿವಿಬಿರಡೆ ಬಳಸಲಿ; ಮಾವನವರನ್ನು ನೋಡಿಕೊಳ್ಳುವ ನೀವಿಬ್ಬರೂ ಒಂದೇ ರಾತ್ರಿ ಅದನ್ನು ಹಾಕಿಕೊಳ್ಳಬೇಡಿ, ಅವರು ಕರೆದರೆ ಕೇಳಿಸಬೇಕು. ವಕೀಲರು ಹೇಳಿದ 45 ಡೆಸಿಬಲ್ ಎಷ್ಟು ಕಡಿಮೆ ಎಂಬುದಕ್ಕೆ ಒಂದು ಹೋಲಿಕೆ: ಒಂದು ಮೀಟರ್ ದೂರದಲ್ಲಿ ಇಬ್ಬರ ಸಾಮಾನ್ಯ ಮಾತುಕತೆಯೇ ಸುಮಾರು 60 ಡೆಸಿಬಲ್ ಇರುತ್ತದೆ. ಪ್ರತಿ 10 ಡೆಸಿಬಲ್ ಏರಿದಾಗ ಸದ್ದಿನ ತೀವ್ರತೆ ಹತ್ತು ಪಟ್ಟಾಗುತ್ತದೆ.

ಪ್ರಶ್ನೆ ಕೇಳಿದವರಿಂದ, ಆರು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಏನೇನಾಯಿತು ಎಂದು ತಿಳಿಸುವುದು ನನ್ನ ಕರ್ತವ್ಯ.

ಮೊದಲು ಒಂದು ನೋಟ್‌ಬುಕ್ ಇಟ್ಟೆವು. ದಿನಾಂಕ, ಶುರುವಾದ ಸಮಯ, ನಿಂತ ಸಮಯ, ಏನು ನಡೆಯಿತು, ಕಾರಿನ ಸಂಖ್ಯೆ, ಇಷ್ಟೇ. ಮೂರು ವಾರ ಬರೆದ ಮೇಲೆ ನೋಡಿದರೆ 21 ರಾತ್ರಿಗಳಲ್ಲಿ 9 ರಾತ್ರಿ ತೊಂದರೆಯಾಗಿತ್ತು. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿ ಅದು ಪ್ರತಿ ರಾತ್ರಿಯೂ ಆಗುತ್ತಿತ್ತು. ಉಳಿದ 12 ರಾತ್ರಿ ಸದ್ದಿಲ್ಲದೆಯೂ ನಾನು ನಿದ್ದೆಗೆಟ್ಟಿದ್ದೆ ಎಂಬುದು ಪುಸ್ತಕ ನೋಡಿದ ಮೇಲೆಯೇ ನನಗೆ ತಿಳಿದದ್ದು. ಅಂದಿನಿಂದ ಶಿವಮೊಗ್ಗದ ಮೇಡಂ ಹೇಳಿದಂತೆ ನಾನು ಮತ್ತು ನನ್ನ ಗಂಡ ವಾರಕ್ಕೊಬ್ಬರಂತೆ ಸರದಿ ಮಾಡಿಕೊಂಡಿದ್ದೇವೆ.

ಖಾಲಿ ನಿವೇಶನದ ಗಾಜು ಮತ್ತು ಕಸದ ಬಗ್ಗೆ ಪಾಲಿಕೆಗೆ ಅರ್ಜಿ ಬರೆದಾಗ 14ರಲ್ಲಿ 12 ಮನೆಯವರು ಸಹಿ ಹಾಕಿದರು, ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಆಮೇಲೆ ಠಾಣೆಗೆ ಕೊಟ್ಟ ಅರ್ಜಿಗೆ 7 ಸಹಿಗಳಾದವು. ಗೇಟಿನ ಸಂಗತಿ, ಬೆದರಿಕೆ, ರಾತ್ರಿಯ ಹಾಡು ಮೂರನ್ನೂ ಬೇರೆ ಬೇರೆ ಪ್ಯಾರಾಗಳಲ್ಲಿ ಬರೆದು, ನೋಟ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿ, ಸ್ವೀಕೃತಿ ಪಡೆದೆವು. ಎರಡೂ ಕಡೆಯವರನ್ನು ಕರೆಸಿ ವಿಚಾರಿಸಿದ ಅಧಿಕಾರಿ ನಾಲ್ವರಿಂದಲೂ ಮುಚ್ಚಳಿಕೆ ಬರೆಸಿಕೊಂಡರು. ಮನೆಯ ಮಾಲೀಕರು ಬೇರೆ ಊರಿನಲ್ಲಿದ್ದಾರೆ. ನನ್ನ ಗಂಡ ಮತ್ತು ಪಕ್ಕದ ಮನೆಯವರು ಒಂದು ಬೆಳಿಗ್ಗೆ ಹೋಗಿ ಕಂಡರು. ಅವರಿಗೆ ಏನೂ ಗೊತ್ತಿರಲಿಲ್ಲ. ಮನೆ ಖಾಲಿ ಮಾಡಿಸಿ ಎಂದು ನಾವು ಕೇಳಲಿಲ್ಲ, ರಾತ್ರಿ 10ರ ನಂತರ ರಸ್ತೆಯಲ್ಲಿ ಕೂಟ ಬೇಡ, ಗೇಟುಗಳಿಗೆ ಅಡ್ಡವಾಗಿ ವಾಹನ ಬೇಡ ಎಂಬ ಎರಡನ್ನು ಮಾತ್ರ ಕರಾರಿನ ನವೀಕರಣದಲ್ಲಿ ಸೇರಿಸಿ ಎಂದು ಕೇಳಿದೆವು, ಅವರು ಒಪ್ಪಿದರು.

ಅಂದು ಕ್ಷಮೆ ಕೇಳಿದ್ದ ಹುಡುಗ ಒಂದು ಸಂಜೆ ತಾನಾಗಿಯೇ ಬಂದು ಮಾವನವರನ್ನು ಮಾತನಾಡಿಸಿದ. ಕಿಟಕಿಯ ಕಡೆ ಕೂಗಿದವನು ಆ ಮನೆಯವನಲ್ಲ, ಬಂದು ಹೋಗುವವನು, ಈಗ ಅವನನ್ನು ಕರೆಯುತ್ತಿಲ್ಲ ಎಂದು ಹೇಳಿದ. ಸ್ಕೂಟರಿನ ವಿಷಯ ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ, ಅದು ಯಾರ ಕೆಲಸವೆಂದು ಇಂದಿಗೂ ತಿಳಿದಿಲ್ಲ. ಕಳೆದ ಮೂರು ವಾರಗಳಲ್ಲಿ ಎರಡು ರಾತ್ರಿ ಸದ್ದಾಗಿದೆ, ಒಮ್ಮೆ ಆ ಹುಡುಗನಿಗೆ ಫೋನು ಮಾಡಿದಾಗ ಹತ್ತು ನಿಮಿಷಕ್ಕೆ ನಿಂತಿತು, ಇನ್ನೊಮ್ಮೆ ನಿಲ್ಲದೆ 112ಕ್ಕೆ ಕರೆ ಮಾಡಬೇಕಾಯಿತು. ಗೇಟಿಗೆ ಮಾತ್ರ ಯಾರೂ ಅಡ್ಡ ನಿಲ್ಲಿಸಿಲ್ಲ. ಮಗಳು ಪಾಠಕ್ಕೆ ಹೋಗುತ್ತಿದ್ದಾಳೆ, ಸದ್ಯಕ್ಕೆ ಅವಳ ತಂದೆ ಜೊತೆಗೆ ಹೋಗಿ ಬರುತ್ತಾರೆ.

ಒಂದು ವಿಷಯ ಇನ್ನೂ ಬಾಕಿ ಇದೆ. ಖಾಲಿ ನಿವೇಶನದ ಮಾಲೀಕರು ಯಾರೆಂದು ಬೀದಿಯಲ್ಲಿ ಯಾರಿಗೂ ತಿಳಿಯದು, ಪಾಲಿಕೆಯಿಂದ ಇನ್ನೂ ಉತ್ತರ ಬಂದಿಲ್ಲ. ನಿವೇಶನದ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಪಡೆದವರು ಇದ್ದರೆ, ಅದನ್ನು ಕಂದಾಯ ವಿಭಾಗಕ್ಕೆ ಬರೆಯಬೇಕೋ ವಲಯ ಕಚೇರಿಗೆ ಬರೆಯಬೇಕೋ ತಿಳಿಸಿ. ಉತ್ತರ ಬರುವವರೆಗೆ ಕಾಯುವುದು ಬೇಡವೆಂದು ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಐದು ಮನೆಯವರು ಸೇರಿ ಗಾಜಿನ ಚೂರುಗಳನ್ನು ಆರಿಸುತ್ತಿದ್ದೇವೆ. ದಪ್ಪ ಕೈಗವಸು ಮತ್ತು ಗೋಣಿಚೀಲಗಳನ್ನು ತಂದಿಟ್ಟಾಗಿದೆ.